ಮಂಗಳೂರಿಂದ ಬೆಂಗಳೂರಿಗೆ ವಾಪಸ್: ಪಾರ್ಟ್‌ಲೋಡ್ ಶಿಫ್ಟಿಂಗ್ ಎಷ್ಟು ನಂಬಬಹುದು?

ಬೆಂಗಳೂರಿನ ಬಾಡಿಗೆ, ಅದರ ಮೇಲೆ ಹತ್ತು ತಿಂಗಳ ಅಡ್ವಾನ್ಸ್ ತಾಳಲಾರದೆ ಮಂಗಳೂರಿನ ಕೊಟ್ಟಾರ, ದೇರೆಬೈಲು, ಇಲ್ಲವೇ ಮಣಿಪಾಲದ ಕಡೆ ಮನೆ ಹಿಡಿದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಈಗ ಆಫೀಸಿನಿಂದ ಕರೆ ಬಂದು ಮತ್ತೆ ಗಂಟುಮೂಟೆ ಕಟ್ಟುತ್ತಿದ್ದಾರೆ. ಒಂದು ಬೆಡ್‌ರೂಮಿನ ಸಾಮಾನಿಗೆ ಇಡೀ ಲಾರಿ ಹಿಡಿದರೆ ಅರ್ಧ ಜಾಗಕ್ಕೆ ಸುಮ್ಮನೆ ದುಡ್ಡು ಕೊಟ್ಟಂತೆ. ಮೂರ್ನಾಲ್ಕು ಮನೆಗಳ ಸಾಮಾನು ಒಂದೇ ಲಾರಿಯಲ್ಲಿ ಹೋಗುವ ಪಾರ್ಟ್‌ಲೋಡ್ ಇಂಥವರಿಗೇ ಹೇಳಿ ಮಾಡಿಸಿದ್ದು. ಮಂಗಳೂರಿನ ಅಂಥದೊಂದು ಸೇವೆಯನ್ನು ಸರ್ವೆಯಿಂದ (ಮನೆಗೆ ಬಂದು ಸಾಮಾನು ನೋಡಿ ರೇಟು ಹೇಳುವುದು) ಡೆಲಿವರಿಯವರೆಗೆ ನೋಡಿ ಬರೆದದ್ದು ಇದು. ಕಟ್ಟುವ ಕೆಲಸ ನಿಜಕ್ಕೂ ಚೆನ್ನಾಗಿದೆ. ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಬರುವವರೆಗೆ ಮಾತ್ರ ಮುಂಗಡ ಕೊಡಬೇಡಿ.

ರೇಟು ನಿಲ್ಲುವುದು ಸಾಮಾನಿನ ಸಂಖ್ಯೆಯ ಮೇಲಲ್ಲ, ಅದು ಹಿಡಿಯುವ ಜಾಗದ ಮೇಲೆ. ಹಾಗಾಗಿ ಸರ್ವೆಗೆ ಬರುವ ಮೊದಲೇ ಟೇಪು ಹಿಡಿದು ಅಳೆದುಕೊಳ್ಳಿ. ಒಂದು ಬಾಗಿಲ ಫ್ರಿಜ್ ಸುಮಾರು 16 ಘನ ಅಡಿ, ವಾಷಿಂಗ್ ಮೆಷಿನ್ 11, 6×5 ಅಡಿಯ ಆರಿಂಚಿನ ಹಾಸಿಗೆ 15, ಒಂದೂವರೆ ಅಡಿ ಚೌಕದ 12 ರಟ್ಟಿನ ಪೆಟ್ಟಿಗೆ 40, ಬಿಚ್ಚಿದ ಮಂಚ ಮೇಜು ಕುರ್ಚಿ ಸೇರಿ 25. ಒಟ್ಟು 107. ಇದಕ್ಕೆ ಬೈಕ್ ಸೇರಿಸಿದರೆ ಅದೊಂದೇ 50 ದಾಟುತ್ತದೆ, ಅಂದರೆ ಬಿಲ್ಲು ಅರ್ಧದಷ್ಟು ಏರುತ್ತದೆ. ಬೈಕನ್ನು ಮಂಗಳೂರು ಸೆಂಟ್ರಲ್‌ನಲ್ಲಿ ರೈಲ್ವೆ ಪಾರ್ಸೆಲ್ ಹಾಕುವ ರೇಟನ್ನೂ ವಿಚಾರಿಸಿ ಹೋಲಿಸಿ ನೋಡಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದಿರಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಕನ್ನಡಿ ಇಂಡಿಕೇಟರಿಗೆ ಗೋಣಿ ಸುತ್ತಿಸಬೇಕು.

ಈ ಸೇವೆಯ ಎಸ್ಟಿಮೇಟಿನಲ್ಲಿ ಎರಡು ಸಾಲು ಸರಿಯಿರಲಿಲ್ಲ. ಒಂದು, 'ಇ-ವೇ ಬಿಲ್ ಚಾರ್ಜ್', ಅಂದರೆ ಸರಕು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನಿನಲ್ಲಿ ಮಾಡುವ ಚೀಟಿಯ ಖರ್ಚು. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ಜಿಎಸ್‌ಟಿ ನಿಯಮದಲ್ಲೇ ವಿನಾಯಿತಿ ಇದೆ. ಕೇಳಿದೊಡನೆ ತೆಗೆದರು, ಆದರೆ ಕೇಳದವರು ಕಟ್ಟಿಯೇ ಕಟ್ಟುತ್ತಾರಲ್ಲ! ಇನ್ನೊಂದು, 'ಇನ್ಶೂರೆನ್ಸ್'. ಪಾಲಿಸಿ ನಂಬರ್ ಕೇಳಿದಾಗ ಅದು ಅವರದೇ ಲೆಟರ್‌ಹೆಡ್ಡಿನ 'ರಿಸ್ಕ್ ಕವರ್' ಎಂದು ಗೊತ್ತಾಯಿತು. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇಲ್ಲದ ಕಾಗದ ವಿಮೆಯಲ್ಲ. ಇದನ್ನು ಒಪ್ಪಲೇಬಾರದು.

ಇನ್ನು ಪ್ಯಾಕಿಂಗ್. ಇಲ್ಲಿ ಹುಡುಗರ ಕೈಗೆ ಪೂರ್ತಿ ಅಂಕ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದರು, ನಡುವೆ ಹಳೆ ಪೇಪರ್ ತುರುಕಿದರು. ಪುಸ್ತಕಕ್ಕೆ ಸಣ್ಣ ಪೆಟ್ಟಿಗೆ, ದಿಂಬು ಬಟ್ಟೆಗೆ ದೊಡ್ಡದು. ಫ್ರಂಟ್‌ಲೋಡ್ ಮೆಷಿನ್ ಹಿಂಬದಿಗೆ ಕೈ ಹಾಕಿ 'ಬೋಲ್ಟ್ ಎಲ್ಲಿದೆ?' ಎಂದು ಮೊದಲೇ ಕೇಳಿದರು. ಹೊಸ ಮೆಷಿನ್ ಬಂದಾಗ ಡ್ರಮ್ ಬಿಗಿದಿರುವ ಟ್ರಾನ್ಸಿಟ್ ಬೋಲ್ಟನ್ನು ಬಹಳ ಮಂದಿ ಎಸೆದುಬಿಡುತ್ತಾರೆ. ಅದಿಲ್ಲದೆ ಶಿರಾಡಿ ಘಾಟಿಯ ತಿರುವು ಹತ್ತಿದರೆ ಡ್ರಮ್ ಒಳಗೆ ಓಲಾಡಿ ಸಸ್ಪೆನ್ಷನ್ ಹಾಳಾಗುತ್ತದೆ. ಬೋಲ್ಟ್ ಕಳೆದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾಡೆಲ್ ನಂಬರ್ ಕೊಟ್ಟು ಮೊದಲೇ ತರಿಸಿಕೊಳ್ಳಿ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ, ಐಸ್ ಕರಗಿಸಿ, ಒಳಗೆ ಒರೆಸಿಡಬೇಕು. ನಿಲ್ಲಿಸಿಯೇ ಸಾಗಿಸಬೇಕು, ಇಳಿಸಿದ ಮೇಲೂ ಕೆಲವು ಗಂಟೆ ಸ್ವಿಚ್ ಹಾಕಬಾರದು.

ಅವರು ಎಡವಿದ್ದು ಹಾಸಿಗೆಯಲ್ಲಿ. ನಮ್ಮ ಕರಾವಳಿಯ ಹಾಸಿಗೆ ಮಳೆಗಾಲದಲ್ಲಿ ಗಾಳಿಯ ತೇವವನ್ನೆಲ್ಲ ಹೀರಿಕೊಂಡಿರುತ್ತದೆ. ಅದರ ಮೇಲೆ ನೇರವಾಗಿ ಸ್ಟ್ರೆಚ್ ಪ್ಲಾಸ್ಟಿಕ್ ಬಿಗಿದು ಸುತ್ತಿದರು. ನಾಲ್ಕನೇ ದಿನ ಬಿಚ್ಚಿದರೆ ಹೊಲಿಗೆಯ ಗುಂಟ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು, ಬೂಷ್ಟಿನ ವಾಸನೆ. ಎರಡು ದಿನ ಫ್ಯಾನಿನಡಿ ನಿಲ್ಲಿಸಿ ಒಣಗಿಸಿ, ಮೊದಲು ಹತ್ತಿಯ ಬೆಡ್‌ಶೀಟ್, ಆಮೇಲೆ ಪ್ಲಾಸ್ಟಿಕ್ ಸುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಪಾಟಿನ ಬುಡ ಉಬ್ಬಿದ್ದರೆ ಅದನ್ನು ಒಯ್ಯಲೇಬೇಡಿ. ಬಿಚ್ಚಿದ ಮೇಲೆ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ, ಬೆಂಗಳೂರಿನವರೆಗೆ ಹೊತ್ತದ್ದೇ ಬಂತು.

ದಾರಿ ಬಿ.ಸಿ. ರೋಡ್, ಉಪ್ಪಿನಂಗಡಿ, ಶಿರಾಡಿ, ಸಕಲೇಶಪುರ, ಹಾಸನ, ನೆಲಮಂಗಲ. ಸುಮಾರು 350 ಕಿಲೋಮೀಟರ್. ಲಾರಿ ಓಡುವುದು ಒಂದೇ ರಾತ್ರಿ, ಆದರೆ ಲೋಡ್ ತುಂಬುವವರೆಗೆ ಸಾಮಾನು ಗೋಡೌನಿನಲ್ಲಿ ಕಾಯುತ್ತದೆ, ನೆಲಮಂಗಲದಲ್ಲಿ ಸಣ್ಣ ಗಾಡಿಗೆ ಬದಲಾಗುತ್ತದೆ. ಒಡೆಯುವುದು, ಪೆಟ್ಟಿಗೆ ಅದಲುಬದಲಾಗುವುದು ಹೆಚ್ಚಾಗಿ ಈ ಇಳಿಸಿ ಹತ್ತಿಸುವ ಜಾಗಗಳಲ್ಲೇ. ಪ್ರತಿ ಪೆಟ್ಟಿಗೆಯ ಎರಡು ಬದಿಗೂ ಹೆಸರು, 1/12, 2/12 ಎಂದು ಬರೆದು ಫೋಟೊ ತೆಗೆದಿಡಿ. ಉಡುಪಿ, ಮಣಿಪಾಲದ ಸಾಮಾನು ಮೊದಲು ಮಂಗಳೂರಿಗೇ ಬರುವುದರಿಂದ ಅಲ್ಲಿಯವರಿಗೆ ಇಳಿಸಿ ಹತ್ತಿಸುವುದು ಇನ್ನೊಂದು ಸಲ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೊರಡುವುದಾದರೆ ಮನೆ ಬಿಡುವ ತಾರೀಖಿಗೂ ಡೆಲಿವರಿಗೂ ನಡುವೆ ಒಂದು ವಾರ ಇಟ್ಟುಕೊಳ್ಳಿ. 2024ರ ಜುಲೈಯಲ್ಲಿ ಸಕಲೇಶಪುರ ಬಳಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಈ ಹೆದ್ದಾರಿಯೇ ನಿಂತಿತ್ತು, ಬದಲಿ ದಾರಿಯಾದ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ.

ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕುವಂತಿಲ್ಲ. ಇಲ್ಲಿನ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಷನ್ ವೋಚರ್ (ಇಲ್ಲಿನ ಸಂಪರ್ಕ ಮುಗಿಸಿದ ಚೀಟಿ) ಪಡೆದು ಠೇವಣಿ ವಾಪಸ್ ತೆಗೆದುಕೊಳ್ಳಿ, ಅಲ್ಲಿ ಆ ವೋಚರ್ ತೋರಿಸಿ ಸಂಪರ್ಕ ಪಡೆಯಿರಿ.

ಡೆಲಿವರಿಯಲ್ಲಿ ಹುಡುಗರಿಗೆ ಅವಸರ, 'ಸೈನ್ ಮಾಡಿ, ಆಮೇಲೆ ನೋಡಿ' ಅಂದರು. ಹಾಗೆ ಮಾಡಬೇಡಿ. ಪೆಟ್ಟಿಗೆ ಎಣಿಸಿ, ಫ್ರಿಜ್, ಟಿವಿ ಅವರೆದುರೇ ಬಿಚ್ಚಿಸಿ, ಹಾಳಾದದ್ದನ್ನು ಲಾರಿ ರಸೀದಿಯ ಮೇಲೆ ಕೈಯಲ್ಲೇ ಬರೆದು ಅವರ ಸಹಿ ತೆಗೆದುಕೊಳ್ಳಿ. ಕೋರ್ಟಿಗೆ ಹೋಗುವ ಮಟ್ಟಕ್ಕೆ ಬಂದರೆ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಹಾಸಿಗೆಯ ವಿಷಯದಲ್ಲಿ ಫೋಟೊ, ರಸೀದಿ ಎರಡೂ ಇದ್ದುದರಿಂದ ಈ ಸೇವೆಯವರು ತಕರಾರಿಲ್ಲದೆ ಕ್ಲೀನಿಂಗ್ ಖರ್ಚು ಬಿಲ್ಲಿನಲ್ಲಿ ಕಳೆದರು.