ತಾನಾಗಿ ಆರುವ ಗ್ಯಾಸ್ ಫೈರ್‌ಪ್ಲೇಸನ್ನು ‘ಅಡ್ಜಸ್ಟ್’ ಮಾಡಿಸಿಕೊಳ್ಳಬೇಡಿ

ಚಿಮಣಿ ಬೇಡ, ಪೈಪ್ ಬೇಡ, ಗೋಡೆ ಒಡೆಯೋದೂ ಬೇಡ ಅಂತ ಹೇಳಿ ವೆಂಟ್‌ಫ್ರೀ ಗ್ಯಾಸ್ ಫೈರ್‌ಪ್ಲೇಸ್ ಮಾರುತ್ತಾರಲ್ಲ, ಅದನ್ನು ಹಾಕಿಸಬೇಕು ಅಂದುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಈಗಾಗಲೇ ಹಾಕಿಸಿರುವವರು ಇವತ್ತೇ ಓದಿ. ಅದು ಉರಿಯುತ್ತಾ ಉರಿಯುತ್ತಾ ತಾನಾಗಿ ಆರಿಹೋಗುತ್ತಿದ್ದರೆ ಮತ್ತೆ ಹೊತ್ತಿಸಬೇಡಿ. ಕಿಟಕಿ ತೆಗೆಯಿರಿ. ‘ಆರದ ಹಾಗೆ ಮಾಡಿಕೊಡ್ತೀನಿ’ ಅಂತ ಯಾರಾದರೂ ಬಂದರೆ ಮುಟ್ಟೋಕೂ ಬಿಡಬೇಡಿ. ನಮ್ಮ ಮನೆಯಲ್ಲಿ ಹಾಗೇ ಒಬ್ಬ ಬಂದು ಮಾಡಿಕೊಟ್ಟು ಹೋದ. ಆಮೇಲೆ ನಾವೆಲ್ಲ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಕುಡಿದೆವು. ಬರೆಯುವಾಗ ಈಗಲೂ ಕೈ ನಡುಗುತ್ತಿದೆ, ಸಿಟ್ಟಿಗೆ.

ಕೊಳ್ಳುವ ಮುಂಚೆ ನಾನು ಕೇಳಿದ ಮೊದಲ ಪ್ರಶ್ನೆಯೇ ಇದು: ‘ಹೊಗೆ ಎಲ್ಲಿಗೆ ಹೋಗತ್ತೆ?’ ಅಂಗಡಿಯವರು ನಕ್ಕರು. ‘ಹೊಗೆನೇ ಬರಲ್ಲ ಮೇಡಂ, ಗ್ಯಾಸ್ ಪೂರ್ತಿ ಉರಿದುಹೋಗತ್ತೆ.’ ಗ್ಯಾಸ್ ಪೂರ್ತಿ ಉರಿದರೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ನೀರಿನ ಆವಿ ಬರುತ್ತದೆ, ಸ್ವಲ್ಪ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಚಿಮಣಿ ಇಲ್ಲ ಅಂದಮೇಲೆ ಅಷ್ಟೂ ನಾವು ಕೂತಿರುವ ರೂಮಿನಲ್ಲೇ ಉಳಿಯುತ್ತದೆ. ಅಷ್ಟೇ ಅಲ್ಲ, ಉರಿಯೋಕೆ ಬೇಕಾದ ಆಕ್ಸಿಜನ್ನೂ ಅದೇ ರೂಮಿನಿಂದ ಹೋಗುತ್ತದೆ. ಇದನ್ನು ಅವರು ಹೇಳಲೇ ಇಲ್ಲ. ನಮ್ಮದು 30,000 ಬಿಟಿಯು ಯೂನಿಟ್ (ಬಿಟಿಯು ಅಂದರೆ ಶಾಖದ ಅಳತೆ, ಇಲ್ಲಿ ಗಂಟೆಗೆ ಇಷ್ಟು ಅಂತ). ಫುಲ್ಲಾಗಿ ಉರಿದರೆ ಗಂಟೆಗೆ ಒಂದು ಲೀಟರಿಗೂ ಜಾಸ್ತಿ ನೀರನ್ನು ಆವಿಯಾಗಿ ರೂಮಿಗೆ ಬಿಡುತ್ತದೆ. ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಮೂಲೆಯಲ್ಲಿ ಬೂಷ್ಟು ಹಿಡಿಯಿತು. ಕೇಳಿದ್ದಕ್ಕೆ ಫೋನಿನಲ್ಲಿ ಬಂದ ಉತ್ತರ: ‘ಚಳಿಗಾಲ ಅಲ್ವಾ ಮೇಡಂ, ಎಲ್ಲರ ಮನೆಯಲ್ಲೂ ಹಾಗೇ.’

ನನ್ನ ಪ್ರತಿ ಪ್ರಶ್ನೆಗೂ ಅವರ ಹತ್ತಿರ ಒಂದೇ ಉತ್ತರ ಇತ್ತು. ‘ಆಕ್ಸಿಜನ್ ಸೆನ್ಸರ್ ಇದೆಯಲ್ಲ ಮೇಡಂ.’ ರೂಮು ಚಿಕ್ಕದಾಗಲ್ವಾ? ಸೆನ್ಸರ್ ಇದೆ. ಮಗು ಇದೆ, ಅತ್ತೆಗೆ ಉಸಿರಾಟದ ತೊಂದರೆ ಇದೆ, ಪರವಾಗಿಲ್ವಾ? ಸೆನ್ಸರ್ ಇದೆ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಹಾಕಬೇಕಾ? ‘ಅದೆಲ್ಲ ಸುಮ್ನೆ ಖರ್ಚು, ಯೂನಿಟ್ ಒಳಗೇ ಸೆನ್ಸರ್ ಇದೆ.’

ಈ ಕೊನೆಯ ಮಾತು ಶುದ್ಧ ಸುಳ್ಳು. ಆ ಸೆನ್ಸರ್ ನೋಡುವುದು ಆಕ್ಸಿಜನ್ ಮಾತ್ರ. ಕಾರ್ಬನ್ ಮಾನಾಕ್ಸೈಡ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಬರ್ನರ್‌ನಲ್ಲಿ ಕಸ ತುಂಬಿದ್ದರೆ, ಒಳಗಿನ ಸೆರಾಮಿಕ್ ಕಟ್ಟಿಗೆಗಳು (ನಿಜವಾದ ಕಟ್ಟಿಗೆ ಹಾಗೆ ಕಾಣುವ ತುಂಡುಗಳು) ಜಾಗ ತಪ್ಪಿದ್ದರೆ, ರೂಮಿನಲ್ಲಿ ಆಕ್ಸಿಜನ್ ಬೇಕಾದಷ್ಟು ಇದ್ದರೂ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸೆನ್ಸರ್ ಸುಮ್ಮನೆ ಇರುತ್ತದೆ. ಅದಕ್ಕೇ ಅಲಾರ್ಮ್ ಬೇರೆಯೇ ಬೇಕು. ಮಾರುವವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಮ್ಯಾನುಯಲ್‌ನಲ್ಲಿ ಎಚ್ಚರಿಕೆ ಅಂತ ದಪ್ಪ ಅಕ್ಷರದಲ್ಲೇ ಇತ್ತು. ಆ ಮ್ಯಾನುಯಲ್ ನಮ್ಮ ಕೈಗೆ ಬಂದಿದ್ದು ಗಲಾಟೆ ಆದಮೇಲೆ. ಫಿಟ್ಟರ್ ಖಾಲಿ ಡಬ್ಬದ ಜೊತೆ ಅದನ್ನೂ ತಗೊಂಡು ಹೋಗಿದ್ದ.

ಫಿಟ್ಟಿಂಗ್ ದಿನ ಅವನು ರೂಮು ಅಳೆಯಲಿಲ್ಲ. ಟೇಪ್ ಹೊರಗೇ ತೆಗೆಯಲಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ ‘ಸಾಕು ಬಿಡಿ’ ಅಂದ. ಇದಕ್ಕೆ ಒಂದು ಲೆಕ್ಕ ಇದೆ. ಪ್ರತಿ 1,000 ಬಿಟಿಯುಗೆ ಕನಿಷ್ಠ 50 ಘನ ಅಡಿ ಜಾಗ ಬೇಕು. ನಮ್ಮ ರೂಮು 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ಗುಣಿಸಿದರೆ 1,080 ಘನ ಅಡಿ. 30,000 ಬಿಟಿಯುಗೆ ಬೇಕಾಗಿದ್ದದ್ದು 1,500. ಮೂರನೇ ಕ್ಲಾಸಿನ ಮಗು ಮಾಡುವ ಲೆಕ್ಕ ಇದು! ಆಮೇಲೆ ಕೇಳಿದಾಗ ‘ಪಕ್ಕದ ಹಾಲ್ ಸೇರಿಸಿಕೊಂಡಿದ್ವಿ’ ಅಂದರು. ಮಧ್ಯೆ ಬಾಗಿಲು ಇದೆ. ಬಾಗಿಲು ಇದ್ದರೆ, ಅದನ್ನು ಮುಚ್ಚೋಕೆ ಆಗುತ್ತೆ ಅಂದರೆ, ಆ ಜಾಗ ಲೆಕ್ಕಕ್ಕೆ ಬರುವುದಿಲ್ಲ. ಬಾಗಿಲೇ ಇಲ್ಲದ ತೆರೆದ ದಾರಿ ಇರಬೇಕು, ಇಲ್ಲದಿದ್ದರೆ ಗೋಡೆಯಲ್ಲಿ ಮೇಲೊಂದು ಕೆಳಗೊಂದು ಗಾಳಿಕಿಂಡಿ ಕೊರೆಯಬೇಕು. ಅದೂ ಮಾಡಲಿಲ್ಲ. ಮೇಲಾಗಿ ನಮ್ಮ ಕಿಟಕಿಗಳಿಗೆಲ್ಲ ರಬ್ಬರ್ ಪಟ್ಟಿ ಹಾಕಿದೆ, ಗಾಳಿ ನುಸುಳುವುದೇ ಇಲ್ಲ. ಅಂಥ ಮನೆಗೆ 50 ಘನ ಅಡಿ ಲೆಕ್ಕವೂ ಸಾಲದು.

ಹೊತ್ತಿಸಿ ಸ್ವಲ್ಪ ಹೊತ್ತಿಗೆ ಬೆಂಕಿ ಆರುತ್ತಿತ್ತು. ಮತ್ತೆ ಹೊತ್ತಿಸಿದರೆ ಮತ್ತೆ ಆರುತ್ತಿತ್ತು. ಬಾಗಿಲು ತೆರೆದಿದ್ದ ದಿನ ಆರುತ್ತಿರಲಿಲ್ಲ. ನಾನು ಇದನ್ನೂ ಫೋನಿನಲ್ಲಿ ಹೇಳಿದ್ದೆ! ‘ಬಾಗಿಲು ತೆಗೆದಿದ್ರೆ ಸರಿಯಾಗಿ ಉರಿಯತ್ತೆ, ಹಾಕಿದ್ರೆ ಆರತ್ತೆ’ ಅಂತ ಬಿಡಿಸಿ ಹೇಳಿದ್ದೆ. ಈ ಕೆಲಸ ಗೊತ್ತಿರುವ ಯಾರಿಗಾದರೂ ಅಷ್ಟು ಸಾಕು. ಅವರೇನು ಮಾಡಿದರು? ಅದೇ ಫಿಟ್ಟರ್‌ನನ್ನು ಕಳಿಸಿದರು.

ಅವನು ಮುಂದಿನ ಗಾಜು ತೆಗೆದ, ಒಳಗೆ ಇಕ್ಕಳ ಹಾಕಿ ಏನೋ ಮಾಡಿದ. ಎರಡು ನಿಮಿಷದ ಕೆಲಸ. ‘ಸೆನ್ಸರ್ ಸ್ವಲ್ಪ ಜಾಸ್ತಿ ಸೂಕ್ಷ್ಮ ಇತ್ತು ಮೇಡಂ, ಅಡ್ಜಸ್ಟ್ ಮಾಡಿದ್ದೀನಿ, ಇನ್ನು ಆರಲ್ಲ’ ಅಂದ. ನಿಜವಾಗಿಯೂ ಆಮೇಲೆ ಒಂದು ಸಲವೂ ಆರಲಿಲ್ಲ. ಅವನಿಗೆ ನಾವು ಥ್ಯಾಂಕ್ಸ್ ಹೇಳಿದೆವು. ಕೈಗೆ ದುಡ್ಡು ಕೊಟ್ಟೆವು. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅವನು ಮಾಡಿದ್ದು ಏನು ಅಂತ ಅರ್ಥ ಆಗಬೇಕಾದರೆ ಆ ಸೆನ್ಸರ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರಬೇಕು. ಒಳಗೆ ಸದಾ ಒಂದು ಚಿಕ್ಕ ಪೈಲಟ್ ಜ್ವಾಲೆ ಇರುತ್ತದೆ. ಆ ಜ್ವಾಲೆಯ ತುದಿ ಥರ್ಮೋಕಪಲ್ ಅನ್ನುವ ಒಂದು ಲೋಹದ ಕಡ್ಡಿಗೆ ತಾಗುತ್ತಿರುತ್ತದೆ. ಕಡ್ಡಿ ಬಿಸಿ ಇದ್ದಷ್ಟು ಹೊತ್ತು ಸಣ್ಣ ಕರೆಂಟ್ ಹುಟ್ಟಿ ಗ್ಯಾಸ್ ವಾಲ್ವನ್ನು ತೆರೆದಿಡುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಸುಮಾರು 21 ಶೇಕಡಾ ಆಕ್ಸಿಜನ್ ಇರುತ್ತದೆ. ಅದು 18ರ ಹತ್ತಿರ ಇಳಿದರೆ ಪೈಲಟ್ ಜ್ವಾಲೆ ತನ್ನ ಜಾಗ ಬಿಟ್ಟು ಮೇಲೇಳುತ್ತದೆ, ಕಡ್ಡಿಗೆ ತಾಗುವುದಿಲ್ಲ. ಕಡ್ಡಿ ತಣ್ಣಗಾಗಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಇಷ್ಟೇ ಸೆನ್ಸರ್. ಜ್ವಾಲೆಗೂ ಕಡ್ಡಿಗೂ ನಡುವಿನ ಅಂತರದಲ್ಲೇ ನಮ್ಮ ಜೀವ ನಿಂತಿದೆ. ಅವನು ಇಕ್ಕಳದಲ್ಲಿ ಕಡ್ಡಿಯನ್ನು ಬಗ್ಗಿಸಿ ಜ್ವಾಲೆಯ ಒಳಗೇ ತೂರಿಸಿಬಿಟ್ಟಿದ್ದ. ಜ್ವಾಲೆ ಎಷ್ಟು ಮೇಲೆದ್ದರೂ ಕಡ್ಡಿ ಬಿಸಿಯಾಗಿಯೇ ಇರಬೇಕು, ಹಾಗೆ.

ಆಮೇಲೆ ತಲೆನೋವು ಶುರುವಾಯಿತು. ಅತ್ತೆಗೆ ಮೊದಲು, ಆಮೇಲೆ ನನಗೆ, ಆಮೇಲೆ ಮಗು ವಾಂತಿ ಬರುತ್ತೆ ಅಂದಿತು. ಜ್ವರ ಇಲ್ಲ, ನೆಗಡಿ ಇಲ್ಲ. ಹೊರಗೆ ಹೋದರೆ ಕಡಿಮೆ ಆಗೋದು, ಒಳಗೆ ಬಂದರೆ ಮತ್ತೆ ಶುರು. ಇದನ್ನು ಗಮನಿಸಿದ್ದು ನನ್ನ ತಮ್ಮ. ಅವನೇ ಒಂದು ಅಲಾರ್ಮ್ ತಂದು ಹಾಕಿದ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ಹೊರಗೆ ಹೋದರೆ ವಾಸಿ ಅಂದರೆ ಮೊದಲು ಕಾರ್ಬನ್ ಮಾನಾಕ್ಸೈಡ್ ಬಗ್ಗೆಯೇ ಯೋಚಿಸಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ಕೆಟ್ಟ ವಾಸನೆ ಬೇಕಂತಲೇ ಸೇರಿಸಿದ್ದು, ಇದಕ್ಕೆ ಅದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಕ್ಸಿಜನ್‌ಗೆ ಜಾಗ ಬಿಡುವುದಿಲ್ಲ.

ಅಲಾರ್ಮ್ ಕೂಗಿದಾಗ ರಾತ್ರಿ. ಮಗುವನ್ನು ಎತ್ತಿಕೊಂಡು, ಅತ್ತೆಯ ಕೈ ಹಿಡಿದುಕೊಂಡು ಹೊರಗೆ ಓಡಿದೆವು. ತುರ್ತು ಸೇವೆಯವರು ಬಂದು ಮೀಟರ್ ಹಿಡಿದು ನೋಡಿ ಗ್ಯಾಸ್ ಬಂದ್ ಮಾಡಿದರು. ಎಲ್ಲರಿಗೂ ಆಸ್ಪತ್ರೆಯಲ್ಲಿ ಪರೀಕ್ಷೆ ಆಯಿತು. ಈಗ ಎಲ್ಲರೂ ಆರಾಮಾಗಿದ್ದಾರೆ.

ಲೈಸೆನ್ಸ್ ಇರುವ ಬೇರೆ ಗ್ಯಾಸ್ ಟೆಕ್ನಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಟಾರ್ಚ್ ಬಿಟ್ಟು ತುಂಬಾ ಹೊತ್ತು ಒಳಗೆ ನೋಡಿದರು, ಏನೂ ಮಾತಾಡಲಿಲ್ಲ. ಆಮೇಲೆ ನನ್ನನ್ನು ಕರೆದು ‘ಇಲ್ಲಿ ನೋಡಿ’ ಅಂದರು. ಬಗ್ಗಿದ ಕಡ್ಡಿ. ಅದರ ಮೇಲೆ ಇಕ್ಕಳದ ಹಲ್ಲಿನ ಗುರುತು ಸ್ಪಷ್ಟವಾಗಿ ಇತ್ತು. ‘ಯಾರಮ್ಮ ಇದನ್ನ ಮಾಡಿದ್ದು?’ ಅಂತ ಕೇಳಿದರು. ಆ ಪ್ರಶ್ನೆಗೆ ‘ನಾವೇ ಕರೆಸಿ ಮಾಡಿಸಿದ್ದು’ ಅಂತ ಉತ್ತರ ಕೊಡಬೇಕಾಯಿತಲ್ಲ, ಅಂಥ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಆಮೇಲೆ ಅವರು ಸೆರಾಮಿಕ್ ಕಟ್ಟಿಗೆಗಳನ್ನು ತೋರಿಸಿದರು. ಒಂದು ಕಟ್ಟಿಗೆ ಬರ್ನರ್ ಮೇಲೆಯೇ ಅಡ್ಡ ಬಿದ್ದಿತ್ತು, ಅದಕ್ಕೆ ಬೆಂಕಿ ಬಡಿದು ಮಸಿ ಕಟ್ಟಿತ್ತು. ಚೆನ್ನಾಗಿ ಕಾಣಲಿ ಅಂತ ಫಿಟ್ಟರ್ ತನ್ನ ಇಷ್ಟಕ್ಕೆ ಜೋಡಿಸಿದ್ದು. ಅವು ಅಲಂಕಾರಕ್ಕೆ ಅಂತ ಕಂಡರೂ ಒಂದೊಂದಕ್ಕೂ ಕಂಪನಿ ಗೊತ್ತುಮಾಡಿದ ಜಾಗ ಇರುತ್ತದಂತೆ. ಜ್ವಾಲೆ ಕಟ್ಟಿಗೆಗೆ ಬಡಿದರೆ ಅರ್ಧಂಬರ್ಧ ಉರಿಯುತ್ತದೆ. ಮಸಿಯೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುವುದು ಅಲ್ಲೇ. ಅಂದರೆ ಒಂದು ಕಡೆ ವಿಷ ಹುಟ್ಟಿಸಿ, ಇನ್ನೊಂದು ಕಡೆ ಕಾವಲಿದ್ದದ್ದನ್ನೂ ಕೆಡಿಸಿ ಹೋಗಿದ್ದಾನೆ.

ಇನ್ನು ಅಂಗಡಿಯವರ ಉತ್ತರಗಳು. ಒಂದೊಂದನ್ನೂ ಬರೆಯುತ್ತೇನೆ, ನಿಮಗೂ ಇದೇ ಮಾತು ಬರುತ್ತದೆ.

ಮೊದಲು: ‘ನಮ್ಮ ಹುಡುಗ ಹಾಗೆ ಮಾಡೋನಲ್ಲ.’ ಇಕ್ಕಳದ ಗುರುತಿನ ಫೋಟೋ ಕಳಿಸಿದೆ. ‘ಬಾಕ್ಸಿಂದ ತೆಗೆಯುವಾಗ ಬಗ್ಗಿರಬಹುದು.’ ಹಾಗಿದ್ದರೆ ಮೊದಲು ಆರುತ್ತಿದ್ದದ್ದು ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: ‘ನೀವು ಕಿಟಕಿ ತೆಗೆದಿಡಬೇಕಿತ್ತು ಮೇಡಂ.’ ಕಿಟಕಿ ಬೇಡ, ಏನೂ ಬೇಡ ಅಂತ ಮಾರಿದ್ದು ಇದೇ ಮನುಷ್ಯ! ಅದನ್ನು ಹೇಳಿದ್ದಕ್ಕೆ: ‘ನೀವು ಟೆನ್ಷನ್‌ನಲ್ಲಿದ್ದೀರಾ. ಸರ್‌ಗೆ ಫೋನ್ ಕೊಡಿ, ಅವರ ಹತ್ರ ಮಾತಾಡ್ತೀನಿ.’ ನನ್ನ ಗಂಡನಿಗೆ ಫೋನ್ ಕೊಟ್ಟೆ. ಅವರಿಗೆ ಹೇಳಿದ್ದು ಬೇರೆ: ‘ಬೇರೆ ಟೆಕ್ನಿಷಿಯನ್ ಬಿಚ್ಚಿದಾನೆ ಅಂದ್ಮೇಲೆ ವಾರಂಟಿ ಇಲ್ಲ ಸರ್.’ ಮನೆಯವರೆಲ್ಲ ಆಸ್ಪತ್ರೆಗೆ ಹೋಗಿಬಂದಿದ್ದಾರೆ, ಇವರಿಗೆ ವಾರಂಟಿ ಚಿಂತೆ. ಕೊನೆಗೆ ‘ಅದೇ ಹುಡುಗನ್ನ ಕಳಿಸ್ತೀನಿ, ವಾಪಸ್ ಮೊದಲಿನ ಹಾಗೆ ಬಗ್ಗಿಸಿಕೊಡ್ತಾನೆ’ ಅಂದರು. ಅಂದರೆ ಬಗ್ಗಿಸಿದ್ದು ಅವನೇ ಅಂತ ಒಪ್ಪಿಕೊಂಡ ಹಾಗೆ ಆಯಿತಲ್ಲ! ಕೇಳಿದರೆ ‘ನಾನು ಹಾಗೆ ಹೇಳಿಲ್ಲ.’ ಬಗ್ಗಿಸಿದ ಕಡ್ಡಿಯನ್ನು ಕೈಯಲ್ಲಿ ನೆಟ್ಟಗೆ ಮಾಡೋಕೆ ಆಗುವುದಿಲ್ಲ. ಪೈಲಟ್ ಜೋಡಣೆಯನ್ನು ಪೂರ್ತಿಯಾಗಿ, ಕಂಪನಿಯದ್ದೇ ತಂದು ಬದಲಾಯಿಸಬೇಕು. ನಿಜ, ಪೈಲಟ್‌ನ ಗಾಳಿ ತೂತಿಗೆ ಧೂಳು, ನಾಯಿಬೆಕ್ಕಿನ ಕೂದಲು ಹಿಡಿದರೂ ಬೆಂಕಿ ಆರುತ್ತದೆ. ಅದಕ್ಕೂ ಕ್ಲೀನ್ ಮಾಡಬೇಕು, ಬಗ್ಗಿಸುವುದು ಯಾವುದಕ್ಕೂ ಮದ್ದಲ್ಲ.

ಹಾಕಿಸಲೇಬೇಕು ಅಂತಿದ್ದರೆ ನನ್ನ ಮಾತು ಇಷ್ಟು. ನಿಮ್ಮ ಊರಿನಲ್ಲಿ ಇದಕ್ಕೆ ಅನುಮತಿ ಇದೆಯಾ ಅಂತ ಮೊದಲು ನೋಡಿ, ಕೆನಡಾದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಇಂಥದ್ದನ್ನು ಹಾಕುವ ಹಾಗೇ ಇಲ್ಲ. ಟೇಪ್ ಹಿಡಿದು ರೂಮು ನೀವೇ ಅಳೆಯಿರಿ. ಯೂನಿಟ್‌ನ ಪ್ಲೇಟ್ ಮೇಲೆ ಬಿಟಿಯು ಎಷ್ಟು, ಯಾವ ಗ್ಯಾಸ್‌ಗೆ ಮಾಡಿದ್ದು ಅಂತ ಓದಿ. ನ್ಯಾಚುರಲ್ ಗ್ಯಾಸಿನದಕ್ಕೆ ಪ್ರೊಪೇನ್ ಕೊಟ್ಟರೆ ಬೆಂಕಿ ಮಿತಿಮೀರಿ ಮಸಿ ಕಾರುತ್ತದೆ. ಜಾಯಿಂಟ್‌ಗಳನ್ನು ಸೋಪಿನ ನೀರು ಹಚ್ಚಿ ಪರೀಕ್ಷೆ ಮಾಡಿಸಿ, ಬೆಂಕಿಕಡ್ಡಿ ಗೀರಿ ನೋಡುವವನನ್ನು ಮನೆಯಿಂದ ಆಚೆ ಕಳಿಸಿ. ಮ್ಯಾನುಯಲ್ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಉರಿಯುವಾಗ ಕಿಟಕಿ ಸ್ವಲ್ಪ ತೆಗೆದಿಡಿ. ಹೊತ್ತಿಸಿಟ್ಟು ಮಲಗಬೇಡಿ.

ಅಲಾರ್ಮ್ ಅಂತೂ ಬೇಕೇ ಬೇಕು. ಮಲಗುವ ಕೋಣೆಗಳ ಹತ್ತಿರ ಒಂದು, ಪ್ರತಿ ಮಹಡಿಗೆ ಒಂದು. ಅದು ಕೂಗುತ್ತಿಲ್ಲ ಅಂದರೆ ಗಾಳಿ ಶುದ್ಧ ಅಂತ ತಿಳಿಯಬೇಡಿ. ಅಮೆರಿಕದ ಯುಎಲ್ 2034 ಮಾನದಂಡದ ಅಲಾರ್ಮ್ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು ಕಾರ್ಬನ್ ಮಾನಾಕ್ಸೈಡ್) ಇದ್ದರೆ ಕೂಗುವುದಕ್ಕೆ 1ರಿಂದ 4 ಗಂಟೆ ತಗೊಳ್ಳುತ್ತದೆ, 400 ಇದ್ದರೆ 4ರಿಂದ 15 ನಿಮಿಷ. ಕಮ್ಮಿ ಮಟ್ಟದಲ್ಲಿ ಗಂಟೆಗಟ್ಟಲೆ ಕುಡಿದರೂ ಅದು ಸುಮ್ಮನೆ ಇರಬಹುದು, ತಲೆನೋವು ಮೊದಲೇ ಬರಬಹುದು. ಕೂಗಿದರೆ ಮಾತ್ರ ಬಟನ್ ಒತ್ತಿ ಸುಮ್ಮನಾಗಿಸಬೇಡಿ. ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ.

ನಮ್ಮ ಗ್ಯಾಸ್ ಲೈನಿಗೆ ಕ್ಯಾಪ್ ಹಾಕಿಸಿದ್ದೇವೆ. ದೂರು ಕೊಟ್ಟಿದ್ದೇವೆ, ಟೆಕ್ನಿಷಿಯನ್ ಬರೆದುಕೊಟ್ಟ ವರದಿಯೂ ಫೋಟೋಗಳೂ ಅದರ ಜೊತೆ ಇವೆ. ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಿಮ್ಮ ಮನೆಗೂ ಯಾರಾದರೂ ಬಂದು ಹೀಗೆ ‘ಅಡ್ಜಸ್ಟ್’ ಮಾಡಿ ಹೋಗಿದ್ದರೆ, ಈಗಲೇ ಎದ್ದು ಹೋಗಿ ವಾಲ್ವ್ ಮುಚ್ಚಿ. ಅವರಿಗೆ ಫೋನ್ ಮಾಡುವುದು ಆಮೇಲೆ.