ಕಮ್ಮಿ ಖರ್ಚಲ್ಲಿ ಟೇಬಲ್ ಮೇಲೆ ಯುದ್ಧ: ನಾನು ಆಡಿ ನೋಡಿದ ರೂಲ್ಸು, ಸೈನಿಕರು, ಮನೇಲೇ ಮಾಡಿದ ಗುಡ್ಡ-ಕೋಟೆ

ಮಿನಿಯೇಚರ್ ವಾರ್‌ಗೇಮ್ ಗೊತ್ತಿಲ್ಲದವರಿಗೆ ಮೊದಲು ಹೇಳ್ಬಿಡ್ತೀನಿ, ಟೇಬಲ್ ಮೇಲೆ ಗುಡ್ಡ, ಮನೆ, ಕಾಡು ಇಟ್ಟು ಬೆರಳುದ್ದ ಸೈನಿಕರನ್ನ ಇಂಚು ಟೇಪಲ್ಲಿ ಅಳೆದು ನಡೆಸಿ, ದಾಳ ಹಾಕಿ ಆಡೋ ಯುದ್ಧ ಇದು. ಚೆಸ್ ಥರ ಚೌಕ ಇರಲ್ಲ, ಸೈನಿಕ ನಿಂತ ಜಾಗದಿಂದ ಎದುರಾಳಿ ಕಾಣ್ತಾನಾ ಇಲ್ವಾ ಅಂತ ತಲೆ ಬಗ್ಗಿಸಿ ನೋಡಿ ಗುಂಡು ಹೊಡೀಬೇಕು. ನನಗೆ ಆಸೆ ಹುಟ್ಟಿಸಿದ್ದು ವಾರ್‌ಹ್ಯಾಮರ್ 40,000, ಅದು 1987ರಿಂದ ಇರೋ ಆಟ. ಆದರೆ ಅದರ ಸೈನ್ಯ ಕಟ್ಟೋಕೆ ಸಾವಿರಗಟ್ಟಲೆ ಬೇಕು, ಅದೂ ಹಾಸನದಲ್ಲಿ ಎದುರು ಕೂತು ಆಡೋರು ನನಗೆ ಯಾರೂ ಸಿಕ್ಕಿರ್ಲಿಲ್ಲ, ಹಾಗಾಗಿ ಎರಡೂ ಕಡೆ ಸೈನ್ಯ ನಾನೇ ಮಾಡಬೇಕಿತ್ತು. ನಮ್ಮೂರಂಥ ಊರಲ್ಲಿ ಶುರು ಮಾಡೋರು ಖರ್ಚಿನ ಲೆಕ್ಕ ಹಾಕುವಾಗ ಇದನ್ನ ಮರೀಬೇಡಿ, ಎಲ್ಲಾ ಡಬಲ್.

ಸಕಲೇಶಪುರದ ಚಿಕ್ಕಮ್ಮನ ಮಗ ಪಿಯುಸಿ ಓದ್ತಾನೆ, ಭಾನುವಾರ ಬಸ್ ಹತ್ತಿ ಬರ್ತಾನೆ, ಅವನೇ ನನ್ನ ಎದುರಾಳಿ. ಮೊದಲನೇ ಆಟ ಬರೀ ಊಟದ ಟೇಬಲ್ ಮೇಲೆ ಆಡಿದ್ವಿ, ಮಧ್ಯೆ ಏನೂ ಇಟ್ಟಿರ್ಲಿಲ್ಲ. ಯಾರಿಗೆ ದೂರ ಹೊಡೆಯೋ ಬಂದೂಕು ಜಾಸ್ತಿ ಇತ್ತೋ ಅವರೇ ಗೆದ್ರು, ಮೂರು ಸಲವೂ ಅದೇ. "ಅಣ್ಣ, ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ?" ಅಂದ. ನಾಲ್ಕನೇ ಸಲ ದಪ್ಪ ಪುಸ್ತಕಗಳ ಮೇಲೆ ಹಸಿರು ಬೆಡ್‌ಶೀಟ್ ಹೊದಿಸಿ ಗುಡ್ಡ ಮಾಡಿ, ನಾಲ್ಕು ಬೆಂಕಿಪೊಟ್ಟಣದ ಮನೆ ಇಟ್ವಿ, ಅದೇ ಸೈನ್ಯ ಅದೇ ರೂಲ್ಸು, ಆದರೆ ಒಂದೂವರೆ ಗಂಟೆ ಇಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ಅವತ್ತಿಂದ ನನ್ನ ಅಭಿಪ್ರಾಯ ಒಂದೇ, ದುಡ್ಡು ಮತ್ತು ಟೈಮು ಎರಡೂ ಮೊದಲು ಟೆರೇನ್‌ಗೆ, ಅಂದ್ರೆ ಟೇಬಲ್ ಮೇಲಿನ ಗುಡ್ಡ, ಮನೆ, ಕಾಡಿಗೆ ಹಾಕಿ, ಸೈನಿಕರು ಆಮೇಲೆ.

ಸೈನಿಕರ ವಿಷಯ ಬೇಗ ಮುಗಿಸ್ತೀನಿ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯೋ ದಿನಗಳಲ್ಲಿ ರಸ್ತೆ ಬದಿ ಆಟದ ಸಾಮಾನಿನ ಅಂಗಡಿ ಹಾಕ್ತಾರಲ್ಲ, ಅಲ್ಲಿ ಒಂದು ಕವರ್ ಹಸಿರು ಪ್ಲಾಸ್ಟಿಕ್ ಸೈನಿಕರು ತಗೊಂಡೆ, ಚೀಪು, ಬಿದ್ರೂ ಮುರಿಯಲ್ಲ, ಆದರೆ ಒಬ್ಬೊಬ್ಬ ಎರಡು ಇಂಚು ಎತ್ತರ, ಸಣ್ಣ ಟೇಬಲ್ ಮೇಲೆ ಹತ್ತು ಜನ ನಿಂತ್ರೆ ಜಾಗವೇ ಉಳಿಯಲ್ಲ. ಆಮೇಲೆ 1:72 ಸ್ಕೇಲಿನದು ಒಂದು ಡಬ್ಬ ತರಿಸಿದೆ, ಒಬ್ಬ ಸುಮಾರು 25 ಮಿಲಿಮೀಟರ್, ಮುಖ ಬಟ್ಟೆ ಎಲ್ಲಾ ಚೆನ್ನಾಗಿದೆ. ಆದರೆ ಪ್ಲಾಸ್ಟಿಕ್ ಮೆತ್ತಗಿರತ್ತೆ, ಸೋಪು ನೀರಲ್ಲಿ ತೊಳೆದು, ಬಣ್ಣ ಹಿಡಿಯೋಕೆ ಮೊದಲು ಹಚ್ಚೋ ಪ್ರೈಮರ್ ಹೊಡೀದೇ ಬಣ್ಣ ಹಚ್ಚಿದ್ರೆ ಕತ್ತಿ ತುದಿ, ಬಂದೂಕಿನ ತುದಿಯಿಂದ ಎದ್ದು ಬರತ್ತೆ, ನನಗೆ ಅರ್ಧ ಡಬ್ಬ ಎರಡನೇ ಸಲ ಮಾಡಬೇಕಾಯ್ತು. ಮೂರನೇದು ಕಾಗದದ ಸೈನಿಕರು. ಮುಂದೆ ಹಿಂದೆ ಚಿತ್ರ ಇರೋ ಹಾಗೆ ದಪ್ಪ ಕಾಗದಕ್ಕೆ ಕಲರ್ ಪ್ರಿಂಟ್ ತೆಗೆಸಿ, ಮಡಚಿ ಅಂಟಿಸಿ, ಕೆಳಗೆ ಹಾರ್ಡ್‌ವೇರ್ ಅಂಗಡಿ ವಾಷರ್ ಹಚ್ಚೋದು. 28 ಎಂಎಂ ಎತ್ತರದ ಗೊಂಬೆಗಳಿಗೆ ಸಾಮಾನ್ಯವಾಗಿ 25 ಮಿಲಿಮೀಟರ್ ಬೇಸ್ ಇರತ್ತೆ, 2011ರಲ್ಲಿ ಬಂದ ಮಾದರಿಯ ಎರಡು ರೂಪಾಯಿ ನಾಣ್ಯ ಸರಿಯಾಗಿ ಅಷ್ಟೇ ಅಗಲ, ಅದನ್ನ ಇಟ್ಟು ಸುತ್ತ ಗೆರೆ ಎಳೆದು ರಟ್ಟು ಕತ್ತರಿಸಿದ್ರೆ ಅಳತೆ ಪಕ್ಕಾ. ವಾಷರ್ ಭಾರಕ್ಕೆ ಫ್ಯಾನ್ ಗಾಳಿಗೂ ಬೀಳಲ್ಲ. ಶುರು ಮಾಡೋರಿಗೆ ನನ್ನ ಓಟು ಕಾಗದಕ್ಕೇ, ನಾಲ್ಕೈದು ಶೀಟಲ್ಲಿ ಎರಡು ಕಡೆ ಸೈನ್ಯ ರೆಡಿ, ಇಷ್ಟ ಆಗ್ಲಿಲ್ಲ ಅಂದ್ರೂ ನಷ್ಟ ಇಲ್ಲ.

ರೂಲ್ಸಲ್ಲಿ ಮೂರು ಆಡಿ ನೋಡಿದ್ದೀನಿ.

ವನ್ ಪೇಜ್ ರೂಲ್ಸ್ ಅವರ ಗ್ರಿಮ್‌ಡಾರ್ಕ್ ಫ್ಯೂಚರ್ ಫೈರ್‌ಫೈಟ್, ಇದರ ಬೇಸಿಕ್ ರೂಲ್ಸು ಪೂರ್ತಿ ಫ್ರೀ, ಯಾವ ಕಂಪನಿ ಗೊಂಬೆ ಆದ್ರೂ ನಡೆಯತ್ತೆ, ಕಾಗದದ್ದೂ ಆಗತ್ತೆ. ಎರಡೂ ಕಡೆ ಬಲ ಸಮ ಇರ್ಲಿ ಅಂತ ಸೈನ್ಯದ ಪಾಯಿಂಟ್ ಲೆಕ್ಕ ಹಾಕೋಕೆ ಆರ್ಮಿ ಫೋರ್ಜ್ ಅಂತ ಅವರದ್ದೇ ಆಪ್ ಇದೆ, ಮೊಬೈಲಲ್ಲೇ ಆಗತ್ತೆ. ಒಂದು ಕಡೆ ಐದರಿಂದ ಹತ್ತು ಜನ ಸಾಕು. ಒಬ್ಬರು ಒಂದು ಸೈನಿಕನನ್ನ ಆಡಿಸಿದ ಮೇಲೆ ಇನ್ನೊಬ್ಬರು ಒಂದು ಆಡಿಸ್ತಾರೆ, ಹಾಗಾಗಿ ಅರ್ಧ ಗಂಟೆ ಸುಮ್ಮನೆ ಕಾಯೋ ಕೆಲಸ ಇಲ್ಲ. ನಿಂತು ಹೊಡೆಯೋದು, 6 ಇಂಚು ನಡೆದು ಹೊಡೆಯೋದು, ಹೊಡೀದೇ 12 ಇಂಚು ಓಡೋದು, ಇಲ್ಲಾ 12 ಇಂಚು ನುಗ್ಗಿ ಕೈ ಕೈ ಮಿಲಾಯಿಸೋದು, ಈ ನಾಲ್ಕೇ ಆಯ್ಕೆ. ನಾಲ್ಕು ರೌಂಡಿಗೆ ಆಟ ಮುಗಿಯತ್ತೆ. ಗೋಡೆ, ಪೊದೆ ಮರೆಯಲ್ಲಿದ್ರೆ ಗುಂಡಿನಿಂದ ತಪ್ಪಿಸ್ಕೊಳ್ಳೋ ದಾಳಕ್ಕೆ ಒಂದು ಜಾಸ್ತಿ ಸಿಗತ್ತೆ, ಆ ಒಂದು ಅಂಕಕ್ಕೋಸ್ಕರ ನಾವು ಎಷ್ಟು ಜಗಳ ಆಡಿದ್ದೀವಿ ಅಂದ್ರೆ ಈಗ ಪ್ರತಿ ಆಟಕ್ಕೂ ಮುಂಚೆ ಯಾವುದು ಮರೆ, ಯಾವುದು ಬರೀ ಅಡ್ಡ ಅಂತ ಕೈ ತೋರಿಸಿ ಮಾತಾಡ್ಕೊಂಡೇ ಶುರು ಮಾಡೋದು. ನೀವೂ ಹಾಗೇ ಮಾಡಿ.

ಎರಡನೇದು ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್, ಇಟಲಿಯ ಆಂದ್ರೆಯಾ ಸ್ಫಿಲಿಗೋಯ್ ಅವರದ್ದು, 2007ರದು, ದುಡ್ಡು ಕೊಟ್ಟು ತಗೋಬೇಕು. ಇದರಲ್ಲಿ ಒಬ್ಬ ಸೈನಿಕನನ್ನ ಎಬ್ಬಿಸೋಕೆ ಒಂದು, ಎರಡು ಇಲ್ಲಾ ಮೂರು ದಾಳ ಹಾಕಬಹುದು, ಗೆದ್ದ ಪ್ರತಿ ದಾಳಕ್ಕೂ ಒಂದು ಕೆಲಸ, ಆದರೆ ಎರಡು ದಾಳ ಸೋತ್ರೆ ಸರದಿ ಎದುರಾಳಿಗೆ ಹೋಗ್ಬಿಡತ್ತೆ. ಮೂರು ದಾಳ ಕೈಯಲ್ಲಿ ಹಿಡ್ಕೊಂಡು ಹಾಕ್ಲಾ ಬೇಡ್ವಾ ಅನ್ನೋ ಆ ಕ್ಷಣ ಇದೆಯಲ್ಲ, ಅದು ಬೇರೆ ಎರಡರಲ್ಲೂ ಇಲ್ಲ. ಅಳತೆಗೆ ಟೇಪ್ ಬೇಡ, ಗಿಡ್ಡ, ಮಧ್ಯಮ, ಉದ್ದ ಅಂತ ಮೂರು ಕಡ್ಡಿ, ನಾವು ತೆಂಗಿನ ಪೊರಕೆ ಕಡ್ಡಿ ಕತ್ತರಿಸಿ ಮಾಡ್ಕೊಂಡಿದ್ದೀವಿ. ಕತ್ತಿ, ಮಾಂತ್ರಿಕ, ರಾಕ್ಷಸ ಇಷ್ಟ ಇದ್ರೆ ಇದು ಚೆನ್ನ. ಚಿಕ್ಕಮ್ಮನ ಮಗನಿಗೆ ಇಷ್ಟ ಆಯ್ತು, ನನಗೆ ದಾಳದ ಪ್ರಕಾರವೇ ಎಲ್ಲಾ ನಡೆಯತ್ತೆ ಅನ್ನಿಸ್ತು.

ಮೂರನೇದು ನೀಲ್ ಥಾಮಸ್ ಅವರ ವನ್ ಅವರ್ ವಾರ್‌ಗೇಮ್ಸ್, 2014ರ ಪುಸ್ತಕ. ಪ್ರಾಚೀನ ಕಾಲದಿಂದ ಎರಡನೇ ಮಹಾಯುದ್ಧದ ತನಕ ಒಂಬತ್ತು ಕಾಲಗಳಿಗೆ ರೂಲ್ಸು, ಪ್ರತಿಯೊಂದೂ ತುಂಬಾ ಚಿಕ್ಕದು. ಟೇಬಲ್ ಮೂರಡಿಗೆ ಮೂರಡಿ, ಒಂದು ಕಡೆ ಆರು ತುಕಡಿ, ಒಂದು ತುಕಡಿಗೆ 15 ಏಟು ಬಿದ್ರೆ ಎತ್ತಿಡಬೇಕು ಅಷ್ಟೇ. ಏಟಿನ ಲೆಕ್ಕಕ್ಕೆ ನಾವು ಪ್ರತಿ ತುಕಡಿಗೆ ಒಂದು ಬಾಟಲ್ ಮುಚ್ಚಳ ಇಟ್ಟು ಅದರೊಳಗೆ ಕಾಫಿ ಬೀಜ ಹಾಕ್ತಾ ಹೋಗ್ತೀವಿ. ಇದರ ನಿಜವಾದ ಬೆಲೆ 30 ಸಿನಾರಿಯೋಗಳಲ್ಲಿ, ಸೇತುವೆ ಹಿಡಿಯೋದು, ಹೊಂಚು ಹಾಕೋದು, ಹಿಂದೆ ಸರಿಯುವಾಗ ಕಾದಾಡೋದು, ಹೀಗೆ ಪ್ರತಿ ಭಾನುವಾರ ಬೇರೆ ತಲೆನೋವು. ತುಕಡಿ ಒಂದೊಂದು ಒಂದೇ ಥರ ಅನ್ನಿಸತ್ತೆ, ಹೀರೋ ಇಲ್ಲ, ಹೆಸರಿಟ್ಟು ಪ್ರೀತಿಸೋಕೆ ಯಾರೂ ಇಲ್ಲ, ಅದು ಕೊರತೆ. ಆದರೂ ನಮ್ಮ ಜಿಲ್ಲೆ ಇತಿಹಾಸ ಟೇಬಲ್ ಮೇಲೆ ತರೋಕೆ ನನಗೆ ಇದೇ ಸರಿ ಹೋಯ್ತು, ಅದು ಮುಂದೆ ಹೇಳ್ತೀನಿ. ಒಂದೇ ಒಂದು ರೂಲ್ಸ್ ಹೇಳಿ ಅಂದ್ರೆ ವನ್ ಪೇಜ್ ರೂಲ್ಸಿಂದ ಶುರು ಮಾಡಿ, ದುಡ್ಡು ಹಾಕದೇ ಈ ಆಟ ನಿಮಗೆ ಹಿಡಿಸತ್ತಾ ಅಂತ ಗೊತ್ತಾಗತ್ತೆ.

ಇನ್ನು ಟೆರೇನ್. ಥರ್ಮಾಕೋಲು, ರಟ್ಟು, ಎಕ್ಸ್‌ಪಿಎಸ್ ಫೋಮು (ಕಾಳಿಲ್ಲದ ಗಟ್ಟಿ ಫೋಮ್ ಶೀಟು) ಮೂರೂ ಪಕ್ಕ ಪಕ್ಕ ಮಾಡಿ ನೋಡಿದೆ, ಒಂದೇ ಸೈಜಿನ ಗುಡ್ಡ, ಒಂದೇ ಸೈಜಿನ ಮನೆ. ಥರ್ಮಾಕೋಲು ಟಿವಿ, ಫ್ರಿಜ್ ಪ್ಯಾಕಿಂಗಲ್ಲಿ ಬರೋದು, ಪುಕ್ಕಟೆ. ಗುಡ್ಡಕ್ಕೆ ಇದನ್ನ ಮೀರಿಸೋದು ಇನ್ನೊಂದಿಲ್ಲ. ಆದರೆ ಇದರ ಕಾಟ ಮೂರು. ಕತ್ತರಿಸಿದ್ರೆ ಬಿಳಿ ಕಾಳು ಮನೆಯೆಲ್ಲಾ ಹಾರತ್ತೆ, ಅಮ್ಮನ ಹತ್ರ ಬೈಸ್ಕೊಂಡೆ, ಆಮೇಲೆ ಮಹಡಿ ಮೇಲೆ ಮಾಡಿದೆ. ಎರಡನೇದು, ಕಲ್ಲಿನ ಗೆರೆ ಕೊರೆಯೋಕೆ ಹೋದ್ರೆ ಕಾಳು ಕಿತ್ತು ಬರತ್ತೆ. ಮೂರನೇದು ಸ್ಪ್ರೇ ಪೇಂಟು. ಮೊದಲ ಗುಡ್ಡಕ್ಕೆ ನೇರವಾಗಿ ಸ್ಪ್ರೇ ಹೊಡೆದೆ, ಕಣ್ಣೆದುರಿಗೇ ಕರಗಿ ಗುಳಿ ಗುಳಿ ಬಿತ್ತು, ಒಂದು ಸಂಜೆ ಕೆಲಸ ಹಾಳು. ಸ್ಪ್ರೇಯಲ್ಲಿರೋ ಸಾಲ್ವೆಂಟು ಥರ್ಮಾಕೋಲನ್ನ ಕರಗಿಸತ್ತೆ. ಈಗ ವಾಲ್ ಪುಟ್ಟಿಗೆ ಫೆವಿಕಾಲು, ಸ್ವಲ್ಪ ನೀರು ಕಲಸಿ ಎರಡು ಕೋಟ್ ಹಚ್ತೀನಿ, ಒಣಗಿದ್ರೆ ಚಿಪ್ಪಿನ ಥರ ಗಟ್ಟಿ, ಆಮೇಲೆ ಬ್ರಷ್ಷಲ್ಲೇ ಬಣ್ಣ. ಕೆಳಗೆ ಹಾರ್ಡ್‌ಬೋರ್ಡ್ ಅಂಟಿಸಿದ್ರೆ ಮೂಲೆ ಮುರಿಯಲ್ಲ.

ರಟ್ಟು ಮನೆಗೆ. ಕಿರಾಣಿ ಅಂಗಡಿ ಬಾಕ್ಸು ಸಾಕು. ಮೇಲಿನ ಕಾಗದ ಸ್ವಲ್ಪ ಒದ್ದೆ ಮಾಡಿ ಸುಲಿದ್ರೆ ಒಳಗಿನ ಅಲೆ ಅಲೆ ಕಾಣತ್ತೆ, ಅದನ್ನ ಸಣ್ಣ ಪಟ್ಟಿ ಮಾಡಿ ಒಂದರ ಮೇಲೊಂದು ಅಂಟಿಸಿ ಇಟ್ಟಿಗೆ ಕೆಂಪು ಹಚ್ಚಿದ್ರೆ ಮಂಗಳೂರು ಹೆಂಚಿನ ಮಾಡು. ನಮ್ಮಜ್ಜಿ ಮನೆ ಮಾಡು ಹಾಗೇ ಬಂತು, ಅದನ್ನ ನೋಡಿ ನನಗೆ ಆದ ಖುಷಿ ಯಾವ ಗೆಲುವಲ್ಲೂ ಆಗಿರ್ಲಿಲ್ಲ. ಒಂದೇ ಕಡೆ ಫೆವಿಕಾಲು ಹಚ್ಚಿದ್ರೆ ರಟ್ಟು ಸೊಟ್ಟ ಆಗತ್ತೆ, ಎರಡೂ ಕಡೆ ಹಚ್ಚಿ ಭಾರ ಹೇರಿ ಇಡಿ.

ಎಕ್ಸ್‌ಪಿಎಸ್ ನನಗೆ ಊರಲ್ಲಿ ಸಿಗಲಿಲ್ಲ, ಆನ್‌ಲೈನಲ್ಲಿ ತರಿಸಿದೆ, ಶೀಟಿಗಿಂತ ಕೊರಿಯರ್ ಖರ್ಚೇ ಚುಚ್ಚಿತು. ಆದರೆ ಪೆನ್ನಲ್ಲಿ ಗೆರೆ ಎಳೆದ್ರೆ ಕಲ್ಲಿನ ಸಂದು, ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಒತ್ತಿದ್ರೆ ಕಲ್ಲಿನ ಮೈ, ಅಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬರಲ್ಲ. ಸ್ಪ್ರೇ ಮಾತ್ರ ಇದನ್ನೂ ಕರಗಿಸತ್ತೆ. ಗೋಡೆಗೆ ಮಾತ್ರ ಬಳಸಿ, ಗುಡ್ಡಕ್ಕೆ ಹಾಕಿ ವೇಸ್ಟ್ ಮಾಡಬೇಡಿ.

ಮರ, ಮಣ್ಣಿಗೆ ಏನೂ ಕೊಳ್ಳೋದು ಬೇಡ. ತೋಟದಲ್ಲಿ ಕಾಫಿ ಗಿಡ ಸವರಿದಾಗ ಬೀಳೋ ಕಡ್ಡಿ ಕವಲು ಕವಲಾಗಿ ಇರತ್ತೆ, ಅದಕ್ಕೆ ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್ ಹರಿದು ಸಿಗಿಸಿದ್ರೆ ಮರ. ಸಿಲ್ವರ್ ಓಕ್ ತೊಗಟೆ ಬಂಡೆ. ತೆಂಗಿನ ನಾರಿನ ಕಾಲೊರೆಸೋ ಮ್ಯಾಟ್ ಹಳೇದಿದ್ರೆ ಚೌಕ ಕತ್ತರಿಸಿ ಇಡಿ, ಕಟಾವಿಗೆ ಬಂದ ಗದ್ದೆ. ಫಿಲ್ಟರಲ್ಲಿ ಉಳಿಯೋ ಕಾಫಿ ಚರಟ ಒದ್ದೆ ಮಣ್ಣಿನ ಬಣ್ಣಕ್ಕೆ ಬೆಸ್ಟು, ಆದರೆ ಸರಿಯಾಗಿ ಒಣಗಬೇಕು. ಮಳೆಗಾಲದಲ್ಲಿ ಅರೆಬರೆ ಒಣಗಿದ್ದನ್ನ ಅಂಟಿಸಿಬಿಟ್ಟೆ, ಹದಿನೈದು ದಿನಕ್ಕೆ ಬೂಷ್ಟು ಹಿಡೀತು, ಎರಡು ಗುಡ್ಡ ಎಸೆದೆ. ಈಗ ಹಳೇ ಬಾಣಲೇಲಿ ಸಣ್ಣ ಉರಿಯಲ್ಲಿ ಹುರಿದು, ಅಂಟಿಸಿದ ಮೇಲೆ ನೀರು ಬೆರೆಸಿದ ಫೆವಿಕಾಲು ಮೇಲಿಂದ ಒಂದು ಕೋಟ್ ಕೊಡ್ತೀನಿ, ಆಮೇಲೆ ಬೂಷ್ಟು ಬಂದಿಲ್ಲ.

ಇಷ್ಟು ಕಲಿತ ಮೇಲೆ ಮಂಜರಾಬಾದ್ ಕೋಟೆ ಕಟ್ಟಿದ್ವಿ. ಸಕಲೇಶಪುರದ ಹತ್ರ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಮಾಡೋದು ಅಂದುಕೊಂಡಷ್ಟು ಕಷ್ಟ ಇಲ್ಲ, ರಟ್ಟಿನ ಮೇಲೆ ಒಂದು ಚೌಕ ಬರೆದು, ಅದೇ ನಡುವಿಗೆ ಇನ್ನೊಂದು ಚೌಕ 45 ಡಿಗ್ರಿ ತಿರುಗಿಸಿ ಬರೆದ್ರೆ ಎಂಟು ಮೂಲೆ ಬಂತು. ಹೊರಗಡೆಗೆ ಎಕ್ಸ್‌ಪಿಎಸ್, ಒಳಗಡೆ ರಟ್ಟು, ಕೆಳಗಿನ ಗುಡ್ಡ ಥರ್ಮಾಕೋಲು, ಮೂರು ಭಾನುವಾರ ಹಿಡೀತು. ಸೈನಿಕರು ಕಾಗದದವರು, ರೂಲ್ಸು ವನ್ ಅವರ್ ವಾರ್‌ಗೇಮ್ಸಿನ ಕುದುರೆ-ಮಸ್ಕೆಟ್ (ಹಳೇ ಉದ್ದ ಬಂದೂಕು) ಕಾಲದ್ದು, ಕೋಟೆಗೆ ಬೇಕಾದ ಎರಡು ಸಾಲು ನಾವೇ ಸೇರಿಸಿದ್ವಿ. ಅಲ್ಲಿ ಇಂಥ ಮುತ್ತಿಗೆ ನಡೀತು ಅಂತಲ್ಲ, ಇದು ನಮ್ಮ ಕಲ್ಪನೆ.

ನಾನು ಮುತ್ತಿಗೆ ಹಾಕಿದೆ, ಕೋಟೆ ಚಿಕ್ಕಮ್ಮನ ಮಗನದು. ಗೋಡೆ ಬುಡಕ್ಕೆ ಸೇರಿಬಿಟ್ರೆ ಮೇಲಿನವರಿಗೆ ಕಾಣಲ್ಲ ಅಂತ ಒಂದು ತುಕಡಿ ಓಡಿಸಿದೆ, ಅಲ್ಲಿ ನೋಡಿದ್ರೆ ಪಕ್ಕದ ಮೂಲೆಯಿಂದ ನನ್ನ ಸೈನಿಕರು ಪೂರ್ತಿ ಕಾಣ್ತಿದ್ರು, ಇನ್ನೊಂದು ಸಂದಿಗೆ ಹೋದೆ, ಅಲ್ಲೂ ಅದೇ. ನಕ್ಷತ್ರದ ಆಕಾರ ಯಾಕೆ ಅಂತ ಅವತ್ತು ಅರ್ಥ ಆಯ್ತು, ಒಂದು ಗೋಡೆಯ ಬುಡವನ್ನ ಇನ್ನೊಂದು ಗೋಡೆ ಕಾಯತ್ತೆ, ಅಡಗೋಕೆ ಜಾಗವೇ ಬಿಟ್ಟಿಲ್ಲ. ಆ ಕೋಟೆಗೆ ಚಿಕ್ಕಂದಿನಿಂದ ಎಷ್ಟೋ ಸಲ ಮೆಟ್ಟಿಲು ಹತ್ತಿ ಹೋಗಿದ್ದೀನಿ, ಗೋಡೆ ಮೇಲೆ ನಡೆದಿದ್ದೀನಿ, ಇದು ಹೊಳೆದಿರ್ಲಿಲ್ಲ. ನನ್ನ ಮೂರನೇ ಮುಚ್ಚಳದಲ್ಲೂ 15 ಕಾಫಿ ಬೀಜ ತುಂಬಿದಾಗ ಅವನು ಕೋಟೆಯೊಳಗಿನ ಸೈನಿಕರನ್ನ ಎಣಿಸ್ತಾ, "ಅಣ್ಣ, ಮುಂದಿನ ವಾರ ನಾನು ಹೊರಗಿಂದ ಬರ್ತೀನಿ, ನನಗೊಂದು ಫಿರಂಗಿ ಜಾಸ್ತಿ ಕೊಡ್ಬೇಕು" ಅಂದ. ಫಿರಂಗಿ ಗಾಲಿಗೆ ಹಳೇ ಶರ್ಟಿನ ಗುಂಡಿ ಎರಡು ತೆಗೆದಿಟ್ಟಿದ್ದೀನಿ.