ಎದೆಪಟ್ಟಿಯ ದಪ್ಪವನ್ನು ನೋಡಿ ಲಕ್ರಾಸ್ ಪ್ಯಾಡ್ ಕೊಳ್ಳಬೇಡಿ

ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಟವಾಡುವ ಮಗನಿಗಾಗಿ ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ, ಭುಜ ಮತ್ತು ಎದೆಯನ್ನು ಕಾಯುವ ಶೋಲ್ಡರ್ ಪ್ಯಾಡ್ ನಮಗೆ ಮಾಡಿದ ಮೋಸವನ್ನು ಇತರ ಪೋಷಕರ ಗಮನಕ್ಕೆ ತರಬೇಕೆನಿಸಿತು. ಅದು ಎದೆಗೆ ಬೀಳುವ ಪೆಟ್ಟಿನಿಂದ ಹೃದಯವನ್ನು ಕಾಯಲೆಂದು ಅಮೆರಿಕದಲ್ಲಿ ರೂಪಿಸಿದ ಎನ್‌ಡಿ200 ಮಾನದಂಡಕ್ಕೆ ಅನುಗುಣವಾಗಿದೆ ಎಂದು ಜಾಹೀರಾತಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಭ್ಯಾಸದ ವೇಳೆ ಚೆಂಡು ಎದೆಗೆ ಬಡಿದು ಅವನು ಉಸಿರು ಸಿಕ್ಕದೆ ಕುಸಿದ. ಇಸಿಜಿಯಲ್ಲಿ ತೊಂದರೆಯೇನೂ ಕಾಣಲಿಲ್ಲ. ಆದರೆ ಪ್ಯಾಡ್ ತೊಟ್ಟಿದ್ದರೂ ಎದೆಯ ಮೇಲೆ ಚೆಂಡಿನಗಲದ ಬಾವು ಎದ್ದಿತ್ತು. ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಬೆರಳಿಂದ ಒತ್ತಿದಾಗ ತಳಕ್ಕೇ ಇಳಿಯುವ ಮೆತ್ತನೆಯ ಸ್ಪಂಜಿನ ಹೊರತು ಬೇರೇನೂ ಇರಲಿಲ್ಲ, ಪ್ರಮಾಣೀಕರಣದ ಮುದ್ರೆಯೆಂದು ನಂಬಿಸಿದ್ದು ಉಗುರಿಗೆ ಕಿತ್ತು ಬರುವ ಸ್ಟಿಕ್ಕರ್ ಆಗಿತ್ತು. ದೂರು ನೀಡಿದ್ದಕ್ಕೆ ‘ಎಲ್ಲ ಪ್ಯಾಡ್‌ಗಳೂ ಇಷ್ಟೇ’ ಎಂಬ ಉತ್ತರ ಬಂತು. ಎಲ್ಲವೂ ಇಷ್ಟೇ ಅಲ್ಲ.

ಲಕ್ರಾಸ್ ಚೆಂಡು 142ರಿಂದ 149 ಗ್ರಾಂ ತೂಕದ ಗಟ್ಟಿ ರಬ್ಬರ್. ಪಳಗಿದ ಆಟಗಾರರ ಹೊಡೆತದಲ್ಲಿ ಅದು ಗಂಟೆಗೆ 140 ಕಿಲೋಮೀಟರ್ ವೇಗವನ್ನೂ ದಾಟಬಲ್ಲದು. ಪ್ರತಿ ಹೃದಯಬಡಿತದಲ್ಲಿಯೂ ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಕಿರಿದಾದ ಒಂದು ಕ್ಷಣವಿದ್ದು, ಸರಿಯಾಗಿ ಆಗಲೇ ಹೃದಯದ ನೇರಕ್ಕೆ ಪೆಟ್ಟು ಬಿದ್ದರೆ, ಪಕ್ಕೆಲುಬು ಮುರಿಯದಿದ್ದರೂ, ಹೃದಯದ ಲಯ ತಪ್ಪಿ ರಕ್ತಸಂಚಾರ ನಿಂತುಹೋಗಬಹುದು. ವೈದ್ಯರು ಇದನ್ನು ಕಮೋಶಿಯೋ ಕಾರ್ಡಿಸ್ ಎನ್ನುತ್ತಾರೆ. ಎದೆರಕ್ಷಕ ತೊಟ್ಟಿದ್ದವರೂ ಹೀಗೆ ಸತ್ತಿದ್ದಾರೆ, ಏಕೆಂದರೆ ಹಳೆಯ ವಿನ್ಯಾಸಗಳ ಗುರಿ ನೋವು, ತರಚುಗಾಯಗಳನ್ನು ತಡೆಯುವುದಷ್ಟೇ ಆಗಿತ್ತು. ಎನ್‌ಡಿ200 ಪರೀಕ್ಷೆಯಲ್ಲಾದರೋ ಎದೆಯ ಪ್ರತಿಕೃತಿಗೆ ಪ್ಯಾಡ್ ತೊಡಿಸಿ, ಚೆಂಡು ಹಾರಿಸಿ, ಹೃದಯವಿರುವ ಜಾಗಕ್ಕೆ ತಲುಪುವ ಬಲವನ್ನೇ ಅಳೆಯುತ್ತಾರೆ. ಅಮೆರಿಕದ ಶಾಲಾ ಬಾಲಕರ ಹಾಗೂ ಕಾಲೇಜು ಪುರುಷರ ಲಕ್ರಾಸ್‌ನಲ್ಲಿ ಈ ಮಾನದಂಡವನ್ನು ಗೋಲ್‌ಕೀಪರ್‌ಗಳಿಗೆ 2021ರಿಂದ, ಉಳಿದ ಆಟಗಾರರಿಗೆ 2022ರಿಂದ ಕಡ್ಡಾಯಗೊಳಿಸಲಾಗಿದೆ. ಆ ಬಳಿಕ ಅಲ್ಲಿ ಮಾರಾಟವಾಗದೆ ಉಳಿದ ಸರಕಿಗೇ ಸ್ಟಿಕ್ಕರ್ ಅಂಟಿಸಿ ನಮಗೆ ಕಳುಹಿಸಿದರೆಂಬುದು ನನ್ನ ಗುಮಾನಿ.

ಹಣ ಕೊಡುವ ಮೊದಲು ಪ್ಯಾಡಿನ ಮಾದರಿಯ ಪೂರ್ಣ ಹೆಸರನ್ನು ಕೇಳಿ ಪಡೆದು, ಅದು ಸುರಕ್ಷಾ ಸಾಮಗ್ರಿಗಳಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಎಸ್‌ಇಐ ಸಂಸ್ಥೆ ಪ್ರಕಟಿಸುವ ಪ್ರಮಾಣೀಕೃತ ಉತ್ಪನ್ನಗಳ ಪಟ್ಟಿಯಲ್ಲಿದೆಯೇ ಎಂದು ನೋಡಿ. ಮಾರಾಟಗಾರರು ಹೆಸರು ಹೇಳಲು ಹಿಂಜರಿದರೆ ಕೊಳ್ಳಲೇಬೇಡಿ. ಅಳತೆಯೂ ಅಷ್ಟೇ ಮುಖ್ಯ: ಕೋಲೆತ್ತಿದಾಗ ಪ್ಯಾಡ್ ಮೇಲಕ್ಕೆ ಸರಿದು ಹೃದಯದ ಭಾಗ ಬಯಲಾಗುವಂತಿದ್ದರೆ ಅಸಲಿ ಮುದ್ರೆಯಿಂದಲೂ ಪ್ರಯೋಜನವಿಲ್ಲ. ಒಳ್ಳೆಯ ಪ್ಯಾಡ್ ಕೂಡ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲವಾದ್ದರಿಂದ, ಲಯ ತಪ್ಪಿದ ಹೃದಯವನ್ನು ವಿದ್ಯುತ್ ಆಘಾತದಿಂದ ಸರಿದಾರಿಗೆ ತರುವ ಎಇಡಿ ಯಂತ್ರ ಮೈದಾನದಲ್ಲಿ ಎಲ್ಲಿದೆ, ಅದನ್ನು ಬಳಸಬಲ್ಲವರು ಯಾರು ಎಂಬುದನ್ನು ತರಬೇತುದಾರರಿಂದ ಕೇಳಿ ತಿಳಿದುಕೊಳ್ಳಿ.